ವಾಲ್ಟರನ ಪಕ್ಕದ ಎಲೆ

ಮೊದಲೇ ಹೇಳಿಬಿಡುತ್ತೇನೆ. ಸತ್ತವರು ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ ಎನ್ನುವುದನ್ನೆಲ್ಲ ನಾನು ನಂಬಿದವನಲ್ಲ. ಹಳೆಯ ಸಾಮಾನು ಕೊಂಡು ಮಾರುವವನಿಗೆ ನಂಬಿಕೆ ಸ್ವಲ್ಪ ಕಡಿಮೆಯೇ ಇರುತ್ತದೆ, ಇರಬೇಕು ಕೂಡ. ಮೇಜು ತೋರಿಸಿದರೆ ಮೇಲಿನ ಹೊಳಪು ಬಿಟ್ಟು, ಕೆಳಗೆ ಬಗ್ಗಿ ಕಾಲಿನ ಜೋಡಣೆ ನೋಡುವ ಜಾತಿ ನಮ್ಮದು. ನೀವೂ ಹಾಗೇ ನೋಡಿ, ಮೋಸ ಹೋಗುವುದಿಲ್ಲ. ಆದರೆ ಈಗ ಹೇಳಲು ಹೊರಟಿರುವ ಸಂಗತಿಯನ್ನು ನಾನು ಎಲ್ಲ ಕಡೆಯಿಂದ ಬಗ್ಗಿ ನೋಡಿದ್ದೇನೆ. ಎಲ್ಲಿ ಜೋಡಿಸಿದ್ದಾರೆ ಎಂಬುದು ಇವತ್ತಿಗೂ ಕಾಣಿಸಿಲ್ಲ.

ಈ ದೇಶಕ್ಕೆ ನಾನು ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದು. ಪದ್ಮಳಿಗೆ ಅಟ್ಲಾಂಟಾದಲ್ಲಿ ಕಂಪ್ಯೂಟರ್ ಕೆಲಸ. ನನಗೆ ದುಡಿಯುವ ಹಕ್ಕೇ ಇರಲಿಲ್ಲ. ಗ್ರೀನ್ ಕಾರ್ಡ್ ಬರುವವರೆಗೆ ಅಡಿಗೆ ಮಾಡಿದೆ, ಮಗಳು ಅನುವನ್ನು ಸ್ಕೂಲಿಗೆ ಬಿಟ್ಟು ಕರೆತಂದೆ, ಶನಿವಾರ ಬಂದರೆ ಜನ ಮನೆ ಮುಂದೆಯೇ ಹಳೆ ಸಾಮಾನು ಮಾರುವ ಬೀದಿ ಬೀದಿಯ ಗರಾಜ್ ಸೇಲುಗಳಲ್ಲಿ ನಿಂತು ಚೌಕಾಸಿ ಕಲಿತೆ. ಕಾರ್ಡ್ ಕೈಗೆ ಬಂದ ಮೇಲೆ ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಹಳೆಯ ಮೇಜು ಕುರ್ಚಿಗಳ ಅಂಗಡಿ ತೆರೆದೆ. ಇಲ್ಲಿ ಒಂದು ಸಂಸಾರ ಮುಗಿದಾಗ, ಇಲ್ಲವೇ ವಯಸ್ಸಾದವರು ಮನೆ ಬಿಟ್ಟು ಆರೈಕೆ ಕೇಂದ್ರ ಸೇರುವಾಗ, ಮನೆಯಲ್ಲಿದ್ದದ್ದನ್ನೆಲ್ಲ ಮಾರುತ್ತಾರೆ. ಎಸ್ಟೇಟ್ ಸೇಲ್ ಎನ್ನುತ್ತಾರೆ. ಅಂಥ ಮಾರಾಟಗಳನ್ನು ಹುಡುಕಿಕೊಂಡು ಕ್ಯಾರೊಲೈನಾಗಳಿಂದ ವಾಷಿಂಗ್ಟನ್ನಿನ ಸುತ್ತಮುತ್ತಲವರೆಗೂ ವ್ಯಾನ್ ಓಡಿಸಿದ್ದೇನೆ. ನನ್ನ ಮಾತು ಕೇಳುವುದಾದರೆ ಮೊದಲ ದಿನ ಹೋಗಬೇಡಿ. ಕಡೆಯ ದಿನ ಮಧ್ಯಾಹ್ನ ಹೋಗಿ. ಮಾರುವವರಿಗೆ ಸುಸ್ತಾಗಿರುತ್ತದೆ.

ಮಿಸ್ ಎಲ್ಸಿಯ ಮನೆಗೂ ನಾನು ಹಾಗೇ ಹೋದದ್ದು. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ಬಂದ ಬೇಸಿಗೆ ಅದು. ನಾರ್ತ್ ಕ್ಯಾರೊಲೈನಾದಲ್ಲಿ ರಾಲಿ ದಾಟಿ ಸಮುದ್ರದ ಕಡೆಗೆ ಹೋದರೆ ಸಿಗುವ ಸಣ್ಣ ಊರು. ಮದುವೆಯಾಗದೆ ಉಳಿದ, ತೊಂಬತ್ತರ ಹತ್ತಿರದ ಹೆಂಗಸು. ಸೊಂಟ ಮುರಿದುಕೊಂಡ ಮೇಲೆ ಒಬ್ಬರೇ ಇರಲಾಗದೆ ಆರೈಕೆ ಕೇಂದ್ರಕ್ಕೆ ಹೋಗಲು ಒಪ್ಪಿದ್ದರು. ಮನೆಯ ಎಲ್ಲ ಸಾಮಾನಿಗೂ ಬೆಲೆಯ ಚೀಟಿ ಅಂಟಿಸಿದ್ದರು, ಊಟದ ಮೇಜೊಂದನ್ನು ಬಿಟ್ಟು. ವಾಲ್‌ನಟ್ ಮರದ ಮೇಜು, ಒಂದು ಬಿರುಕಿಲ್ಲ.

"ಅದು ಮಾರೋಕಲ್ಲ, ಹನೀ," ಎಂದರು. ನಮ್ಮ ಕಸುಬಿನಲ್ಲಿ ಹಾಗೆಂದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡು ಎಂದರ್ಥ. ಕುರ್ಚಿ ಎಳೆದುಕೊಂಡು ಕೂತೆ. ಅವರು ಥಟ್ಟನೆ, "ಅದರಲ್ಲಲ್ಲ, ಪಕ್ಕದ್ದರಲ್ಲಿ ಕೂತ್ಕೋ," ಎಂದರು. ಅದು ಅವರ ಅಣ್ಣ ವಾಲ್ಟರನ ಕುರ್ಚಿಯಂತೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಸಬ್‌ಮರೀನುಗಳು ಈ ಕರಾವಳಿಯ ಬಳಿಗೇ ಬಂದು ಹಡಗುಗಳನ್ನು ಮುಳುಗಿಸುತ್ತಿದ್ದುವಂತೆ. ಅವುಗಳ ಮೇಲೆ ಕಣ್ಣಿಡಲು ಇಬ್ಬರು ಕೂರುವ ಸಣ್ಣ ವಿಮಾನಗಳು ಸಮುದ್ರದ ಮೇಲೆ ಸುತ್ತಿ ಬರುತ್ತಿದ್ದವು. ವಾಲ್ಟರ್ ಇದ್ದ ವಿಮಾನ ಒಂದು ದಿನ ಬರಲಿಲ್ಲ. ಹುಡುಗನಿಗೆ ಇಪ್ಪತ್ತೊಂದು ತುಂಬಿತ್ತು, ಎಲ್ಸಿ ಆಗ ಸಣ್ಣ ಹುಡುಗಿ. ಸಮುದ್ರ ಅವನ ಅಂಗಿಯ ಚೂರನ್ನೂ ವಾಪಸು ಕೊಡಲಿಲ್ಲ. ಮಣ್ಣು ಮಾಡಲು ದೇಹವೇ ಇಲ್ಲದ ಮೇಲೆ ಕಲ್ಲು ಯಾಕೆ ಎಂದು ತಾಯಿ ಸ್ಮಶಾನದಲ್ಲಿ ಕಲ್ಲು ನೆಡಿಸಲೂ ಒಪ್ಪಲಿಲ್ಲ. ಭಾನುವಾರದ ಊಟಕ್ಕೆ ಅವನ ಜಾಗದಲ್ಲಿ ಒಂದು ತಟ್ಟೆ ಇಟ್ಟರು. ಇಡುತ್ತಲೇ ಹೋದರು. ತಾಯಿ ತೀರಿಕೊಂಡ ಮೇಲೆ ಎಲ್ಸಿ ಇಟ್ಟರು.

"ಇಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ಬಂದ ಹಾಗೆ ಅನ್ಸಿಲ್ಲ," ಎಂದರು. "ಬಾಗಿಲವರೆಗೆ ಬರ್ತಾನೆ. ನಿಲ್ತಾನೆ. ಹೋಗ್ತಾನೆ. ಯಾಕೆ ಅಂತ ಗೊತ್ತಿಲ್ಲ. ಇನ್ಮೇಲೆ ಬಾಗಿಲೂ ಇರಲ್ಲ ನೋಡು. ನಾನು ಹೋದ್ಮೇಲೆ ಆ ಹುಡುಗನಿಗೆ ಊಟಕ್ಕೆ ಬಾ ಅನ್ನೋರು ಯಾರು?"

ನಾನು ಮೇಜಿನ ಅಂಚು ಸವರುತ್ತಾ ಕೂತೆ. ಸುಮ್ಮನಿರುವುದು ಚೌಕಾಸಿಯಲ್ಲಿ ಎಷ್ಟೋ ಸಲ ಕೆಲಸ ಮಾಡುತ್ತದೆ. ಅವರೇ ಮುಂದುವರಿಸಿ, ಮೇಜು ಕೊಡುತ್ತೇನೆ, ಆದರೆ ಪ್ರತಿ ಭಾನುವಾರ ವಾಲ್ಟರನಿಗೆ ತಟ್ಟೆ ಇಡಬೇಕು ಎಂದರು. ನನ್ನ ಬಾಯಿ ನೋಡಿ, ಅದನ್ನೂ ಚೌಕಾಸಿಗಿಳಿಸಿತು. ಭಾನುವಾರ ಅಂಗಡಿಯ ದಿನ, ಆಗುವುದಿಲ್ಲ ಎಂದೆ. ತಿಂಗಳಿಗೊಂದು ಸಲ ಎಂದರು. ತಿಂಗಳು ಬೇಗ ಬಂದುಬಿಡುತ್ತದೆ ಎಂದೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಅವನ ಹುಟ್ಟಿದ ದಿನ, ಮೂರಕ್ಕಿಂತ ಕೆಳಗಿಳಿಯುವುದಿಲ್ಲ ಎಂದರು. ಆಗ ನೆನಪಾಯಿತು. ನಮ್ಮಲ್ಲಿ ತೀರಿಹೋದ ಹಿರಿಯರಿಗೆಲ್ಲ ಊಟ ಇಡುವ ಹಬ್ಬವೊಂದಿದೆ, ಎಲೆ ಉದುರುವ ಕಾಲದಲ್ಲಿ ಬರುತ್ತದೆ, ಆವತ್ತು ನಿಮ್ಮಣ್ಣನಿಗೂ ಇಡುತ್ತೇನೆ ಎಂದೆ.

"ನಿನ್ನ ಅಪ್ಪ ಅಮ್ಮನಿಗೂ ಇಡ್ತೀಯಾ?"

"ಹೌದು."

"ಅವರ ಜೊತೇಲೇ ಕೂರಿಸ್ತೀಯಾ?"

"ಜೊತೇಲೇ."

ಕೈ ಚಾಚಿದರು. ವರ್ಷಕ್ಕೆ ಐವತ್ತೆರಡು ತಟ್ಟೆಯಿಂದ ಒಂದಕ್ಕೆ ಇಳಿಸಿದೆನಲ್ಲ ಎಂದು ನನಗೆ ಒಳಗೊಳಗೇ ಖುಷಿ. ಆಮೇಲೆ ನನಗೆ ಕೊಡಲೆಂದು ಎಲ್ಲಿಂದಲೋ ಒಂದು ಫೋಟೋ ತಂದರು. ವಿಮಾನದ ರೆಕ್ಕೆಗೆ ಒರಗಿ ಇಬ್ಬರು ಹುಡುಗರು, ತೋಳು ಮಡಿಸಿಕೊಂಡು ನಗುತ್ತಿದ್ದಾರೆ. "ಇವನೇ," ಎಂದು ಬೆರಳಿಟ್ಟು ತೋರಿಸಿದರು. ಆಗ ನಾನು ಮೇಜಿನ ಕೆಳಗೆ ಮಂಡಿಯೂರಿ ಕಾಲು ಬಿಚ್ಚುತ್ತಿದ್ದೆ. "ಎಸ್ ಮ್ಯಾಮ್," ಎಂದೆ.

ಮೇಜನ್ನು ಮಾರಲು ಪದ್ಮ ಬಿಡಲಿಲ್ಲ. ಕೊಟ್ಟ ಮಾತು ಮೊದಲು ನಡೆಸಿ, ಆಮೇಲೆ ಬೇಕಾದ್ದು ಮಾಡಿ ಎಂದಳು. ಹಾಗೆ ಅದು ಅಂಗಡಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿಯಿತು. ಮಹಾಲಯ ಅಮಾವಾಸ್ಯೆ ಬಂತು.

ನಾವು ಮದ್ದೂರಿನ ಕಡೆಯವರು. ಮಹಾಲಯಕ್ಕೆ ಸತ್ತವರ ಫೋಟೋಗಳನ್ನು ಸಾಲಾಗಿಟ್ಟು, ಒಬ್ಬೊಬ್ಬರ ಮುಂದೆ ಒಂದೊಂದು ಬಾಳೆಎಲೆ ಹಾಕಿ, ಅವರು ಇಷ್ಟಪಟ್ಟು ಉಣ್ಣುತ್ತಿದ್ದದ್ದನ್ನೆಲ್ಲ ಬಡಿಸುತ್ತೇವೆ. ಮುದ್ದೆ, ಅನ್ನ, ಮಟನ್ ಸಾರು, ವಡೆ, ಕಜ್ಜಾಯ. ಅಪ್ಪನ ಎಲೆಯ ಪಕ್ಕ ಒಂದು ಕಟ್ಟು ಬೀಡಿ. ಧೂಪ ಹಾಕಿ, ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುವುದು. ಅಮೆರಿಕದಲ್ಲಿ ಇದನ್ನು ಮಾಡುವವರಿಗೆ ಎರಡು ಸಲಹೆ. ಧೂಪಕ್ಕೆ ಮುಂಚೆ ಛಾವಣಿಯ ಸ್ಮೋಕ್ ಅಲಾರ್ಮಿಗೆ ಸ್ನಾನದ ಟೋಪಿ ತೊಡಿಸಿ. ಇಲ್ಲಿನ ಮನೆಗಳಲ್ಲಿ ಊಟದ ಕೋಣೆಗೆ ಬಾಗಿಲೇ ಇರುವುದಿಲ್ಲವಾದ್ದರಿಂದ ಮನೆಯ ಮುಂಬಾಗಿಲನ್ನೇ ಹಾಕಿಕೊಂಡು ಬೀದಿಗೆ ಬನ್ನಿ. ಬೀಗದ ಕೈ ಮರೆಯಬೇಡಿ.

ಮಿಸ್ ಎಲ್ಸಿಯ ಮೇಜಿನ ಮೇಲೆ ಫೋಟೋಗಳನ್ನು ಜೋಡಿಸುತ್ತಿದ್ದ ಪದ್ಮ ಕೇಳಿದಳು. "ರೀ, ಇಬ್ಬರಲ್ಲಿ ವಾಲ್ಟರ್ ಯಾರು?"

"ಬಲಗಡೆಯವನು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಎಡಗಡೆಯವನೂ ಇರ್ಬಹುದು."

"ಟೇಬಲ್ಲಿಗೆ ಎಷ್ಟು ಸ್ಕ್ರೂ ಇದೆ ಅಂತ ಕೇಳಿದ್ರೆ ನಿದ್ದೇಲೂ ಹೇಳ್ತೀರಾ. ಮನೆಗೆ ಊಟಕ್ಕೆ ಕರೆದಿರೋ ಮನುಷ್ಯ ಯಾರು ಅಂತ ಗೊತ್ತಿಲ್ಲ!"

"ಜಸ್ಟ್ ಕಾಲ್ ಹರ್, ಅಪ್ಪ," ಎಂದಳು ಅನು. ಮಾಡಬಹುದಿತ್ತು. ಆದರೆ ವ್ಯಾಪಾರ ಕುದುರಿ ಕೈ ಕುಲುಕಿದ ಮೇಲೆ, ನಾನು ಸರಿಯಾಗಿ ನೋಡಿರಲಿಲ್ಲ ಎಂದು ಹೇಳಿಕೊಳ್ಳುವುದು ನಮ್ಮ ಕಸುಬಿನಲ್ಲಿಲ್ಲ. ಇಬ್ಬರಿಗೂ ನಡುವೆ ಒಂದು ಎಲೆ ಹಾಕಿಬಿಡು, ಅವರೇ ನೋಡಿಕೊಳ್ಳಲಿ ಎಂದೆ.

ಪದ್ಮ ಸೌಟು ಕೆಳಗಿಟ್ಟಳು. "ಒಬ್ಬ ಉಣ್ಣೋವಾಗ ಇನ್ನೊಬ್ಬ ಬಾಯಿ ನೋಡ್ಕೊಂಡು ನಿಂತಿರಬೇಕಾ? ನಮ್ಮಮ್ಮ ಮದುವೆ ಮನೇಲಿ ಬ್ಯಾಂಡಿನವರಿಗೂ ಪಂಕ್ತಿಭೇದ ಮಾಡಿದವರಲ್ಲ. ಹಾಗೆ ಮಾಡಿದ್ರೆ ಉಣ್ತಾ ಇರೋನೂ ಎದ್ದು ಹೋಗ್ತಾನೆ." ಹೀಗೆಂದವಳೇ ಫ್ರೀಜರಿನಿಂದ ತೆಗೆದಿದ್ದ ಎಲೆಗಳಲ್ಲಿ ಇನ್ನೊಂದನ್ನು ಒರೆಸಿ ಹಾಕಿದಳು. ಅವರಿಗೆ ಏನು ಇಷ್ಟವೋ ನಾನು ಕೇಳಿಕೊಂಡು ಬಂದಿರಲಿಲ್ಲ. ಇಷ್ಟು ಖಾರ ಅವರು ತಿನ್ನುವುದಿಲ್ಲ, ಮ್ಯಾಕರೋನಿ ಇಡೋಣ ಎಂದು ಅನು ಹೇಳಿದಳು. ನಮ್ಮನೆಗೆ ಬಂದಮೇಲೆ ನಮ್ಮನೆ ಊಟ ಎಂದು ಪದ್ಮ ಇಬ್ಬರಿಗೂ ಮುದ್ದೆ ಇಟ್ಟು ಸಾರು ಸುರಿದಳು. ಅಪ್ಪ, ಅಮ್ಮ, ವಾಲ್ಟರ್, ವಾಲ್ಟರನ ಪಕ್ಕದವನು, ಒಟ್ಟು ನಾಲ್ಕು ಎಲೆ. ನಾನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ನಾಲ್ಕನೆಯವನಿಗೆ ಹೆಸರಿಲ್ಲದೆ, "ನೀನೂ ಬಾಪ್ಪ," ಎಂದೆ. ಮೂವರೂ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು.

ಭಾನುವಾರದ ಮಧ್ಯಾಹ್ನ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯವನು, ರೇಷ್ಮೆ ಸೀರೆ ಉಟ್ಟು ಬಿಸಿಲಲ್ಲಿ ನಿಂತಿದ್ದ ಪದ್ಮಳನ್ನು ಕಂಡು, "ಲಾಕ್ಡ್ ಔಟ್?" ಎಂದು ಕೇಳಿದ. "ನೋ, ನೋ. ಗೆಸ್ಟ್ಸ್ ಆರ್ ಈಟಿಂಗ್," ಎಂದಳು ಅವಳು. ಅವನು ತಿರುವು ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಲೇ ಹೋದ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಳಗೆ ಏನೂ ಆಗಿರಲಿಲ್ಲ. ನಾಲ್ಕು ಎಲೆಗಳೂ ಬಡಿಸಿದ ಹಾಗೇ ಇದ್ದವು. ಮುದ್ದೆ ಕದಲಿರಲಿಲ್ಲ, ನೀರಿನ ಲೋಟ ಇಳಿದಿರಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತದ್ದಕ್ಕೆ ಅನುವಿನ ಮೂಗು ಕೆಂಪಾಗಿತ್ತು, ಅಷ್ಟೇ. ಎಡೆಯ ಅನ್ನವನ್ನು ಕಾಗೆಗೆ ಇಟ್ಟು, ನಾವೂ ಊಟ ಮಾಡಿದೆವು. ನನ್ನ ಮಟ್ಟಿಗೆ ಹಬ್ಬ ಮುಗಿದಿತ್ತು.

ಸಂಜೆ ನಾಲ್ಕೂವರೆಯೋ ಐದೋ, ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಬಂತು. ಮಿಸ್ ಎಲ್ಸಿ ಇದ್ದ ಆರೈಕೆ ಕೇಂದ್ರದ ನರ್ಸ್. ಅವರು ನಿಮ್ಮ ಹತ್ತಿರ ಈಗಲೇ ಮಾತಾಡಬೇಕೆಂದು ಹಟ ಹಿಡಿದಿದ್ದಾರೆ ಎಂದಳು. ಮೇಜು ವಾಪಸು ಕೇಳುತ್ತಾರೇನೋ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡೆ.

"ನಿನ್ನ ಹೆಂಡತಿ ಸಾರಿಗೆ ಏನು ಹಾಕ್ತಾಳೆ ಹನೀ?" ಎಂದರು ಮಿಸ್ ಎಲ್ಸಿ. ದನಿಯಲ್ಲಿ ನಗು. "ವಾಲ್ಟರ್ ಬಂದಿದ್ದ. ಬಾಯಿ ಉರೀತಾ ಇದೆ ಅಂತ ಹೇಳ್ಕೊಂಡು ನಗ್ತಾ ಇದ್ದ. ಊಟ ಆಯ್ತು ಎಲ್ಸಿ, ಅಂದ."

ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಇಂಡಿಯಾದವರ ಊಟ ಖಾರ ಎಂದು ಯಾರು ಬೇಕಾದರೂ ಊಹಿಸಬಹುದು, ಮುದುಕಿಗೆ ಕನಸು ಬಿದ್ದಿದೆ, ಹೂಂಗುಟ್ಟಿ ಫೋನ್ ಇಟ್ಟುಬಿಡೋಣ ಎಂದುಕೊಂಡೆ. ಆಗ ಅವರ ದನಿ ಬದಲಾಯಿತು.

"ಕ್ಲೈಡನಿಗೂ ಒಂದು ಇಟ್ಟಿದ್ರಂತಲ್ಲ. ನಿನಗೆ ಯಾರು ಹೇಳಿದ್ರು?"

ಕ್ಲೈಡ್ ಯಾರು ಎಂದು ಕೇಳಿದೆ.

"ಫೋಟೋದಲ್ಲಿ ಅವನ ಪಕ್ಕ ಇರೋನು. ನಾನು ಅವನ ಹೆಸರು ಯಾರ ಹತ್ರಾನೂ ಎತ್ತಿಲ್ಲ. ನಿನಗೆ ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ, ಇಬ್ಬರಲ್ಲಿ ನಿಮ್ಮಣ್ಣ ಯಾರೆಂದು ನನಗೆ ತಿಳಿಯಲಿಲ್ಲ, ಅದಕ್ಕೇ ಎರಡು ಇಟ್ಟೆವು ಎಂದೆ. ಅವರು ತಡೆದು ತಡೆದು ಹೇಳಿದರು. ಕ್ಲೈಡ್ ವಿಮಾನ ನಡೆಸುತ್ತಿದ್ದವನು. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ. ರಜೆ ಸಿಕ್ಕಾಗ ವಾಲ್ಟರನ ಜೊತೆ ಇವರ ಮನೆಗೇ ಬರುತ್ತಿದ್ದ, ಇದೇ ಮೇಜಿನಲ್ಲಿ ಉಂಡಿದ್ದ. ವಿಮಾನ ಬಾರದೆ ಹೋದ ಮೇಲೆ, ಅವನೇ ದಾರಿ ತಪ್ಪಿ ನನ್ನ ಮಗನನ್ನು ಮುಳುಗಿಸಿದ ಎಂದು ತಾಯಿ ನಂಬಿಬಿಟ್ಟರು. ಅವನಿದ್ದ ಫೋಟೋಗಳನ್ನೆಲ್ಲ ಕತ್ತರಿಸಿದರು. ಹೆಸರು ಎತ್ತುವ ಹಾಗಿರಲಿಲ್ಲ. ಇದೊಂದು ಫೋಟೋವನ್ನು ಎಲ್ಸಿ ಬಚ್ಚಿಟ್ಟುಕೊಂಡಿದ್ದರು. ಅಷ್ಟು ಭಾನುವಾರಗಳಲ್ಲಿ ಎರಡನೆಯ ತಟ್ಟೆ ಇಡಬೇಕೆಂದು ತಾಯಿಗೂ ಹೊಳೆಯಲಿಲ್ಲ, ಎಲ್ಸಿಗೂ ಹೊಳೆಯಲಿಲ್ಲ.

"ಅದಕ್ಕೇ ಬಾಗಿಲಲ್ಲೇ ನಿಲ್ತಿದ್ದ," ಎಂದರು. "ಅವನನ್ನ ಹೊರಗೆ ಬಿಟ್ಟು ಇವನು ಹೇಗೆ ಒಳಗೆ ಬರ್ತಾನೆ ಹೇಳು." ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ. ನರ್ಸ್ ಫೋನ್ ತೆಗೆದುಕೊಂಡಳು.

ಪದ್ಮಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ. ಕರೆದರು, ಬಂದರು, ಉಂಡರು, ಅಷ್ಟೇ. "ಮುದ್ದೆ ಅಗಿದ್ರೋ ನುಂಗಿದ್ರೋ ಕೇಳಬೇಕಿತ್ತು ನೀವು," ಎಂದಳು. ನನಗೆ ಹಾಗೆ ಬಿಡಲಾಗಲಿಲ್ಲ. ನೀನೇನಾದರೂ ಅವರಿಗೆ ಫೋನ್ ಮಾಡಿ ಹೇಳಿದೆಯಾ ಎಂದು ಅನುವನ್ನು ಕೂರಿಸಿ ಕೇಳಿದೆ. ಅವಳು ಆ ಮುದುಕಿಯನ್ನು ನೋಡಿಯೇ ಇರಲಿಲ್ಲ, ನಂಬರೂ ಅವಳ ಹತ್ತಿರವಿರಲಿಲ್ಲ. ಫೋನ್ ತೆರೆದು ನನ್ನ ಮುಂದಿಟ್ಟು, "ಚೆಕ್ ಮಾಡು ಅಪ್ಪ, ಯೂ ಆರ್ ಬೀಯಿಂಗ್ ವಿಯರ್ಡ್," ಎಂದಳು. ಹಬ್ಬ ಯಾವ ದಿನವೆಂದು ನಾನು ಮಿಸ್ ಎಲ್ಸಿಗೆ ಹೇಳಿರಲಿಲ್ಲ. ಎಲೆ ಉದುರುವ ಕಾಲ ಎಂದದ್ದಷ್ಟೇ.

ಮುಂದಿನ ವಾರ ವ್ಯಾನ್ ತೆಗೆದುಕೊಂಡು ಅಲ್ಲಿಗೇ ಹೋದೆ. ಜನ ಸುಳ್ಳು ಹೇಳುವಾಗ ನನಗೆ ಗೊತ್ತಾಗುತ್ತದೆ. ಬೆಲೆ ಹೇಳುವಾಗ ಅವರ ಕಣ್ಣು ಬೇರೆಲ್ಲೋ ಹೋಗುತ್ತದೆ. ನರ್ಸಿನ ಕಣ್ಣು ಎಲ್ಲೂ ಹೋಗಲಿಲ್ಲ. ಆವತ್ತು ಅವರು ಮಧ್ಯಾಹ್ನ ಮಲಗಿದ್ದರು, ಯಾರ ಫೋನೂ ಬಂದಿರಲಿಲ್ಲ, ನಗುತ್ತಾ ಎದ್ದರು, ಎದ್ದವರೇ ನೀರು ಕೇಳಿದರು, ಕುಡಿದು ಮತ್ತೆ ಕೇಳಿದರು ಎಂದಳು. ಅಣ್ಣ ಬಂದಿದ್ದ ಎಂದು ಆಗಾಗ ಹೇಳುತ್ತಿರುತ್ತಾರೆಯೇ ಎಂದೆ. ಯಾವತ್ತೂ ಇಲ್ಲ, ಅವನು ಒಳಗೆ ಬರುವುದಿಲ್ಲ ಎಂದೇ ಹೇಳುತ್ತಿದ್ದರು ಎಂದಳು. ಮಿಸ್ ಎಲ್ಸಿಯ ಮುಂದೆ ಫೋಟೋ ಹಿಡಿದು, ವಾಲ್ಟರ್ ಯಾರು ಎಂದು ಈ ಸಲ ಸರಿಯಾಗಿ ಕೇಳಿಕೊಂಡೆ. ಎಡಗಡೆಯವನು. ಅವರು ಕ್ಲೈಡನ ಮುಖದ ಮೇಲೂ ಒಂದು ಸಲ ಬೆರಳಾಡಿಸಿದರು. ಆವತ್ತು ಅವರ ಮುಖದಲ್ಲಿ ಕಂಡ ನೆಮ್ಮದಿ ಮಾತ್ರ ಕಟ್ಟಿದ್ದಲ್ಲ. ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ವಾಷಿಂಗ್ಟನ್ ಪಕ್ಕದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದಾಗ, ಐವತ್ತು ವರ್ಷದಿಂದ ಇಲ್ಲೇ ಇರುವ ನಮ್ಮ ಕಡೆಯ ಡಾಕ್ಟರ್ ಅಂಕಲ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. "ಕೋಇನ್ಸಿಡೆನ್ಸ್ ಕಣಯ್ಯ," ಎಂದರು. ಸತ್ತ ಹುಡುಗನಿಗೆ ಅನ್ಯಾಯವಾಯಿತೆಂದು ಆಕೆಯ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅದು ಕನಸಾಯಿತು. ನಿನಗೆ ಮುಖ ಗುರುತಿರಲಿಲ್ಲ, ಅದಕ್ಕೇ ಎರಡನೆಯ ಎಲೆ ಬಿತ್ತು. ಎರಡೂ ಒಂದೇ ದಿನ ಆದವು. ಇಷ್ಟೇ. ನಾನು ತಲೆಯಾಡಿಸಿದೆ. ಅಂಕಲ್ ಪ್ರಸಾದದ ಪುಳಿಯೋಗರೆ ತಿನ್ನುತ್ತಾ ತಿನ್ನುತ್ತಾ ಕೈ ನಿಲ್ಲಿಸಿ, "ಇನ್ನೊಂದು ಇಟ್ಟಿದ್ರಂತೆ ಅಂತ ಅವರೇ ಮೊದಲು ಹೇಳಿದ್ರಾ? ನೀನು ಬಾಯಿ ಬಿಟ್ಟಿರಲಿಲ್ವಾ?" ಎಂದರು. ಇಲ್ಲ ಎಂದೆ. ಆಮೇಲೆ ಅವರು ಟ್ರಾಫಿಕ್ಕಿನ ಮಾತು ತೆಗೆದರು.

ನಿಜ ಹೇಳಬೇಕೆಂದರೆ ಅಂಕಲ್ ಹೇಳಿದ ವಿವರಣೆಗಿಂತ ಒಳ್ಳೆಯದು ನನ್ನ ಹತ್ತಿರವೂ ಇಲ್ಲ. ಆದರೆ ಯಾರಾದರೂ ಅದನ್ನು ನನ್ನ ಅಂಗಡಿಗೆ ಹೊತ್ತು ತಂದಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಹೊಳಪಿದೆ, ಕಾಲು ಅಲ್ಲಾಡುತ್ತದೆ. ಹಾಗೆಂದು ಪದ್ಮ ಹೇಳುವುದನ್ನೂ ಕೊಳ್ಳಲಾರೆ. ಮೇಜಿನ ಮೇಲೆ ಒಂದು ಅಗುಳೂ ಅಲುಗಿರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.

ಆ ಚಳಿಗಾಲದಲ್ಲಿ ಮಿಸ್ ಎಲ್ಸಿ ನಿದ್ದೆಯಲ್ಲೇ ಹೋದರು. ಮುಂದಿನ ಮಹಾಲಯಕ್ಕೆ ಪದ್ಮ ನನ್ನನ್ನು ಕೇಳದೆಯೇ ಐದು ಎಲೆ ಹಾಕಿದಳು. ಅವರಿಗೂ ಇಡುತ್ತೇನೆಂದು ನಾವು ಮಾತು ಕೊಟ್ಟಿರಲಿಲ್ಲವಲ್ಲ ಎಂದೆ. ಅಣ್ಣನನ್ನು ಕರೆದು ತಂಗಿಯನ್ನು ಬಿಡೋಕಾಗುತ್ತಾ ಎಂದಳು. ಸಾರಿಗೆ ಖಾರ ಸ್ವಲ್ಪ ಕಡಿಮೆ ಮಾಡಿದ್ದಳು. ನಾನು ಹೆಸರು ಹಿಡಿದು ಕರೆದೆ. ಅಪ್ಪ, ಅಮ್ಮ, ವಾಲ್ಟರ್, ಕ್ಲೈಡ್, ಮಿಸ್ ಎಲ್ಸಿ. ಬಾಗಿಲು ಹಾಕಿಕೊಂಡು ಹೊರಗೆ ನಿಂತೆವು, ತಟ್ಟಿ ಒಳಗೆ ಹೋದೆವು. ಎಲ್ಲ ಇದ್ದ ಹಾಗೇ ಇತ್ತು.

ಊಟವಾದ ಮೇಲೆ ನಾನು ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಕತ್ತಲಾದರೂ ಎದ್ದಿರಲಿಲ್ಲ. ಪದ್ಮ ದೀಪ ಹಾಕಿ, "ಯಾರ ಫೋನ್ ಬರಬೇಕಿತ್ತು?" ಎಂದು ಕೇಳಿದಳು.

"ಯಾರೂ ಇಲ್ಲ ಕಣೇ," ಎಂದೆ. ಆದರೂ ಅಲ್ಲಿಂದ ಏಳಲಿಲ್ಲ.